ತಾಮ್ರದ ಪಟ್ಟಿ, ಎರಡು ವರ್ಷದ ಗ್ಯಾರಂಟಿ: ಮಾಡು ತೊಳೆದ ಕಂಪನಿಗೆ ಒಂದು ದೂರು ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ
18 ಆಗಸ್ಟ್ 2025

ವ್ಯವಸ್ಥಾಪಕರಿಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಮೇ ತಿಂಗಳಲ್ಲಿ ನಮ್ಮ ಹಂಚಿನ ಮಾಡಿನ (ಛಾವಣಿಯ) ಪಾಚಿ ತೆಗೆದದ್ದು ಮತ್ತು ಅದರಿಂದ ಆದ ನಷ್ಟ

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಸ್ಟಮರ್ ಕೇರ್ ನಂಬರಿಗೆ ಐದು ಸಲ ಫೋನ್ ಮಾಡಿದೆ. ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು. ಕನ್ನಡಕ್ಕೆ ಒತ್ತಲು ನಂಬರೇ ಇಲ್ಲ. ಆದರೆ ಫೆಬ್ರವರಿಯಲ್ಲಿ ಪೇಟೆಯಲ್ಲಿ ಹಂಚಿದ ನಿಮ್ಮ ನೋಟೀಸು ಮಾತ್ರ ಚಂದದ ಕನ್ನಡದಲ್ಲಿತ್ತು. ದುಡ್ಡು ಕೇಳುವಾಗ ಬರುವ ಕನ್ನಡ ದೂರು ಕೇಳುವಾಗಲೂ ಬರಬೇಕಲ್ವಾ?

ಆ ನೋಟೀಸಿನಲ್ಲಿ ಇದ್ದದ್ದು ಇಷ್ಟು: 'ಎರಡು ವರ್ಷ ಪಾಚಿಯ ಚಿಂತೆ ಬಿಡಿ.' ನಾನು ಚಿಂತೆ ಬಿಟ್ಟೆ. ಅದೇ ನಾನು ಮಾಡಿದ ತಪ್ಪು.

ನಮ್ಮದು ಮಂಗಳೂರು ಹಂಚಿನ ಮನೆ. ಅಜ್ಜ 1962ರಲ್ಲಿ ಕಟ್ಟಿಸಿದ್ದು. ಇಷ್ಟು ವರ್ಷವೂ ಮಾಡಿನ ಕೆಲಸಕ್ಕೆ ಊರಿನ ಒಬ್ಬರೇ ಬರುತ್ತಿದ್ದರು. ಮಾರ್ಚ್ ಕೊನೆಗೆ ಒಬ್ಬ ಸಹಾಯಕನ ಜೊತೆ ಏಣಿ ಇಟ್ಟು ಹತ್ತುತ್ತಿದ್ದರು. ಸಾಲು ಸಾಲಾಗಿ ಹಂಚು ತೆಗೆದು, ತೆಂಗಿನ ನಾರಿನಲ್ಲಿ ತಿಕ್ಕಿ, ಹಂಚಿನ ಮೇಲೆ ನೀರು ಹರಿಯುವ ತೋಡುಗಳ ಮಣ್ಣು ಕೆರೆದು ಮತ್ತೆ ಇಡುತ್ತಿದ್ದರು. ನಾಲ್ಕು ದಿನದ ಕೆಲಸ. ಅವರಿಗೆ ಈಗ ಮಂಡಿನೋವು, ಏಣಿ ಹತ್ತಲು ಆಗುವುದಿಲ್ಲ. ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ, ಅದಕ್ಕೆ ಯಾರನ್ನು ದೂರುವುದು? ಹಾಗಾಗಿ ನಿಮ್ಮನ್ನು ಕರೆದೆ.

ಲೆಕ್ಕ ಹೀಗಿತ್ತು. ಮಾಡು 1,800 ಚದರಡಿ. ತೊಳೆದು ಬಣ್ಣ ಕೊಡಲು ಚದರಡಿಗೆ 22 ರೂಪಾಯಿಯಂತೆ 39,600. ಮಾಡಿನ ನೆತ್ತಿಯುದ್ದಕ್ಕೂ ತಾಮ್ರದ ಪಟ್ಟಿ ಹಾಕಲು ಬೇರೆ 6,400. ಒಟ್ಟು 46,000. ಪೂರ್ತಿ ಕೊಟ್ಟಿದ್ದೇನೆ, ರಸೀದಿ ಉಂಟು.

ಮಾರ್ಚಿನಲ್ಲಿ ಬರುತ್ತೇವೆ ಅಂದಿರಿ. ವಿಷು ಕಳೆಯಲಿ ಅಂದಿರಿ. ಕೊನೆಗೆ ನಿಮ್ಮ ಹುಡುಗರು ಬಂದದ್ದು ಮೇ 16ಕ್ಕೆ. ಈ ವರ್ಷ ಕೇರಳಕ್ಕೆ ಮುಂಗಾರು ಬಂದದ್ದು ಮೇ 24ಕ್ಕೆ, ವಾಡಿಕೆಗಿಂತ ಎಂಟು ದಿನ ಮೊದಲು. 2009ರ ನಂತರ ಇಷ್ಟು ಬೇಗ ಬಂದದ್ದೇ ಇಲ್ಲ. ಅದು ನಿಮ್ಮ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಮೋಡ ಕವಿದಿರುವುದು ಕಣ್ಣಿಗೆ ಕಾಣುತ್ತದೆ. 19ರಂದು ಬೆಳಿಗ್ಗೆ ಹಂಚು ಇನ್ನೂ ಒದ್ದೆ ಇತ್ತು. ಕೈಯಿಟ್ಟು ತೋರಿಸಿದೆ. 'ಪೇಂಟ್ ಎಳೆದುಕೊಳ್ಳುತ್ತದೆ, ಟೆನ್ಶನ್ ಮಾಡಬೇಡಿ' ಅಂತ ನಿಮ್ಮ ಸೂಪರ್‌ವೈಸರ್ ಹೇಳಿದರು. ಅದೇ ದಿನ ಬಣ್ಣ ಬಳಿದು ಹೋದರು.

ಅದಕ್ಕಿಂತ ಮೊದಲು ನಡೆದದ್ದನ್ನು ಹೇಳಬೇಕು. ದೂರಿನ ಮುಖ್ಯ ವಿಷಯವೇ ಅದು.

ನಿಮ್ಮವರು ಹಿಡಿದು ಬಂದದ್ದು ಬಸ್ಸು ತೊಳೆಯುವಂಥ ಜೆಟ್ ಮೆಷಿನ್. ಒಬ್ಬ ಏಣಿಯಲ್ಲಿ ನಿಂತು ಸೂರಿನ ಕಡೆಯಿಂದ ಮೇಲಕ್ಕೆ ನೀರು ಹೊಡೆದ. ಹಂಚು ಇರುವುದು ಮೇಲಿನಿಂದ ಕೆಳಗೆ ಇಳಿಯುವ ನೀರಿಗೆ. ಕೆಳಗಿನಿಂದ ಹೊಡೆದರೆ ಸಂದಿಯೊಳಗೆ ನುಗ್ಗದೆ ಇರುತ್ತದಾ? ಅರ್ಧ ಗಂಟೆಯಲ್ಲಿ ಚಾವಡಿಯೊಳಗೆ ಕೆಸರು ನೀರು ಇಳಿಯಿತು. ಗೋಡೆಯ ಮೇಲೆ ಕಪ್ಪು ಗೆರೆಗಳು ಇವತ್ತಿಗೂ ಹಾಗೇ ಇವೆ. ಇನ್ನೊಬ್ಬ ಶೂ ಹಾಕಿಕೊಂಡು ಮಾಡಿನ ಮೇಲೆ ಬೇಕಾದಲ್ಲಿ ನಡೆದ. ಹಂಚಿನ ಕೆಲಸ ಗೊತ್ತಿದ್ದವರು ಅಡಿಯಲ್ಲಿ ರೀಪು ಎಲ್ಲಿದೆ ಎಂದು ನೋಡಿ ಅದರ ಮೇಲೇ ಕಾಲಿಡುತ್ತಾರೆ. 41 ಹಂಚು ಒಡೆದಿದೆ ಅಥವಾ ಬಿರುಕು ಬಿಟ್ಟಿದೆ. ಒಂದೊಂದನ್ನೂ ಎಣಿಸಿ ಫೋಟೋ ತೆಗೆದಿದ್ದೇನೆ.

ಒಡೆದ ಹಂಚು ಕಣ್ಣಿಗೆ ಕಾಣುತ್ತದೆ, ಬದಲಾಯಿಸಬಹುದು. ಕಾಣದ ನಷ್ಟ ಬೇರೆ ಉಂಟು. ಭಟ್ಟಿಯಲ್ಲಿ ಬೇಯುವಾಗ ಹಂಚಿನ ಹೊರಮೈ ಗಟ್ಟಿಯಾಗುತ್ತದೆ. ನೀರನ್ನು ತಡೆಯುವುದರಲ್ಲಿ ಆ ತೆಳು ಸಿಪ್ಪೆಯದೇ ದೊಡ್ಡ ಪಾಲು. ನಿಮ್ಮ ಜೆಟ್ ಪಾಚಿಯ ಜೊತೆಗೆ ಅದನ್ನೂ ಕಿತ್ತುಹಾಕಿದೆ. ಅಂಗಳದಲ್ಲಿ ಹರಿದ ನೀರು ಹಸಿರಾಗಿರಲಿಲ್ಲ, ಕೆಂಪಾಗಿತ್ತು. ಅದು ಹಂಚಿನ ಪುಡಿ.

ನಂಬಿಕೆ ಬರದಿದ್ದರೆ ಕೇಳಿ. ಹಟ್ಟಿಯ ಹಿಂದೆ ಅಜ್ಜನ ಕಾಲದ ಹದಿನೈದು ಹಂಚುಗಳು ಪೇರಿಸಿಟ್ಟದ್ದು ಉಂಟು. ಅದೇ ಕಾರ್ಖಾನೆಯದ್ದು, ಅಡಿಯಲ್ಲಿ ಅದೇ ಮುದ್ರೆ. ಅದರಲ್ಲೊಂದನ್ನೂ ನೀವು ತೊಳೆದ ಒಂದು ಹಂಚನ್ನೂ ಒಲೆಯ ಹತ್ತಿರ ನಾಲ್ಕು ದಿನ ಒಣಗಿಸಿ ಜಗಲಿಯಲ್ಲಿ ಪಕ್ಕಪಕ್ಕ ಇಟ್ಟೆ. ತೊಳೆದ ಹಂಚಿನಲ್ಲಿ ಬಣ್ಣ ಎದ್ದುಹೋದ ಜಾಗ ನೋಡಿ, ಎರಡಕ್ಕೂ ಒಂದೊಂದು ಚಮಚ ನೀರು ಬಿಟ್ಟೆ. ಹಳೆಯ ಹಂಚಿನ ಮೇಲೆ ನೀರು ಹನಿಯಾಗಿ ನಿಂತಿತು, ಓರೆ ಮಾಡಿದಾಗ ಜಾರಿ ಹೋಯಿತು. ನೀವು ತೊಳೆದದ್ದರ ಮೇಲೆ ಬಿದ್ದ ನೀರು ಹತ್ತು ಎಣಿಸುವಷ್ಟರಲ್ಲಿ ಮಾಯ. ಒಂದು ಕಪ್ಪು ಕಲೆ ಮಾತ್ರ ಉಳಿಯಿತು. ಬ್ಲಾಟಿಂಗ್ ಪೇಪರಿನ ಹಾಗೆ ಹೀರಿಕೊಂಡಿತು. ಮಗಳು ವಿಡಿಯೋ ಮಾಡಿದ್ದಾಳೆ, ವಾಟ್ಸಾಪಿನಲ್ಲಿ ಕಳಿಸಿದ್ದೇವೆ. ಎರಡು ನೀಲಿ ಗೀಟು ಬಂದಿದೆ, ಉತ್ತರ ಬಂದಿಲ್ಲ.

ನೀರು ಹೀರುವ ಹಂಚಿನಷ್ಟು ಪಾಚಿಗೆ ಇಷ್ಟವಾದ ಜಾಗ ಬೇರೆ ಇಲ್ಲ. ಪಾಚಿಗೆ ನಿಜವಾದ ಬೇರು ಇಲ್ಲ, ಕೂದಲಿನಂಥ ಎಳೆಗಳಲ್ಲಿ ಒರಟು ಮೈಯನ್ನು ಹಿಡಿದು ಕೂರುತ್ತದೆ. ನುಣುಪು ಹೋಗಿ ಒರಟಾದರೆ ಅದಕ್ಕೆ ಹಬ್ಬ. ಬೇಸಿಗೆಯಲ್ಲಿ ಕಂದಾಗಿ ಸತ್ತ ಹಾಗೆ ಕಾಣುತ್ತದೆ, ಸತ್ತಿರುವುದಿಲ್ಲ. ಒಂದು ಮಳೆ ಬಿದ್ದರೆ ಮತ್ತೆ ಹಸಿರು. ಸಂದಿಯಲ್ಲಿ ಉಳಿದ ಚೂರಿನಿಂದಲೂ ಹೊಸತು ಚಿಗುರುತ್ತದೆ. ನಿಮ್ಮವರು ಮೇಲೆ ಕಂಡದ್ದನ್ನು ಹಾರಿಸಿದರು. ತೋಡುಗಳಲ್ಲಿ, ಜೋಡಣೆಯ ಅಡಿಯಲ್ಲಿ ಇದ್ದದ್ದು ಹಾಗೇ ಉಳಿಯಿತು. ಈಗ ಬಡಗು ಬದಿಯ ಮಾಡು, ಅಂದರೆ ಹಲಸಿನ ಮರದ ನೆರಳು ಬೀಳುವ ಕಡೆ, ಕಳೆದ ವರ್ಷಕ್ಕಿಂತ ಜಾಸ್ತಿ ಹಸಿರಾಗಿದೆ. ಮೂರೇ ತಿಂಗಳು! ತೋಡು ಕಟ್ಟಿಕೊಂಡಲ್ಲಿ ನೀರು ಪಕ್ಕದ ಹಂಚಿನ ಅಂಚು ಹತ್ತಿ ಒಳಗೆ ಇಳಿಯುತ್ತಿದೆ. ಅಮ್ಮನ ಕೋಣೆಯಲ್ಲಿ ಎರಡು ಬಾಲ್ದಿ, ಒಂದು ಪಾತ್ರೆ ಇಟ್ಟಿದ್ದೇವೆ. ಅವರಿಗೆ 78 ವರ್ಷ. ಆಟಿ ತಿಂಗಳಿಡೀ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಂಚವನ್ನು ಚಾವಡಿಗೆ ತಂದು ಮಲಗಿದ್ದಾರೆ.

ಬಣ್ಣದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಒದ್ದೆ ಹಂಚಿಗೆ ಬಳಿದದ್ದು ಜುಲೈಯಲ್ಲಿ ದೋಸೆ ಎದ್ದ ಹಾಗೆ ಎದ್ದು ಬಂತು. ಈಗ ಸೂರಿನ ನೀರು ಹೋಗುವ ದಂಬೆಯಲ್ಲಿ ಕೆಂಪು ಚಕ್ಕೆಗಳು ತುಂಬಿವೆ.

ಬ್ಲೀಚಿನದ್ದೂ ಒಂದು ಉಂಟು. ಮಾಡಿನ ನೀರು ಪೈಪಿನಲ್ಲಿ ಬಾವಿಗೆ ಹೋಗುವಂತೆ ನಾವು ಮಾಡಿಕೊಂಡಿದ್ದೇವೆ. ನಿಮ್ಮವರು ಒಂದು ಮಾತು ಕೇಳದೆ ಕ್ಯಾನಿನಿಂದ ಅಳತೆಯಿಲ್ಲದೆ ಸುರಿಯಲು ಶುರುಮಾಡಿದರು. ವಾಸನೆ ಬಂದು ನಾನು ಓಡಿ ಹೋಗಿ ಪೈಪು ಕಳಚಿದೆ. ಒಂದೆರಡು ನಿಮಿಷ ತಡವಾಗಿದ್ದರೆ ಕುಡಿಯುವ ನೀರಿಗೇ ಬೀಳುತ್ತಿತ್ತು. ಸೂರಿನ ಪಕ್ಕದ ಒಂದು ಕರಿಮೆಣಸಿನ ಬಳ್ಳಿ ಹಳದಿಯಾಗಿ ಹೋಯಿತು. ಅದಕ್ಕೆ ಪರಿಹಾರ ಕೇಳುತ್ತಿಲ್ಲ. ಇನ್ನೊಬ್ಬರ ಮನೆಗೆ ಹೋದಾಗ ಮೊದಲು ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ.

ಇನ್ನು ತಾಮ್ರದ ಪಟ್ಟಿ.

ಈ ಪಟ್ಟಿಗೆ ನಾನು ಯಾಕೆ ಒಪ್ಪಿದೆ ಎಂದರೆ, ತಾಮ್ರದ ಗುಣ ಅಡಿಕೆ ಬೆಳೆಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆರೋಗ ಬಾರದ ಹಾಗೆ ಮಳೆಗಾಲದ ಮೊದಲು ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬೋರ್ಡೋ ಮದ್ದು ಬಿಡುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ನಮ್ಮ ಮನೆಯ ಪಡುವಣ ಮೂಲೆಗೆ ತೋಟ ತಾಗಿಕೊಂಡಿದೆ. ಅಲ್ಲಿ ಮದ್ದು ಬಿಡುವಾಗ ನಾಲ್ಕು ಹನಿ ಮಾಡಿನ ಮೇಲೂ ಬೀಳುತ್ತದೆ. ಆ ಮೂಲೆಯ ಹಂಚಿಗೆ ಪಾಚಿ ಹಿಡಿದದ್ದನ್ನು ನಾನು ಕಂಡಿಲ್ಲ. ಹಾಗಂತ ಇಡೀ ಮಾಡಿಗೆ ಮದ್ದು ಬಿಡಲು ಮನಸ್ಸಿಲ್ಲ, ಬಾವಿ ಉಂಟಲ್ಲ. ನೆತ್ತಿಯಲ್ಲಿ ಪಟ್ಟಿ ಹಾಕಿದರೆ ಮಳೆ ಬಂದಾಗಲೆಲ್ಲ ತಾಮ್ರದ ಅಂಶ ಚೂರೇ ಚೂರು ಕರಗಿ ಹಂಚಿನ ಮೇಲೆ ಇಳಿಯುತ್ತದೆ, ಪಾಚಿ ಕೂರುವುದಿಲ್ಲ. ಸತುವೂ ಇದೇ ಕೆಲಸ ಮಾಡುತ್ತದೆ. ನಿಮ್ಮ ಸೂಪರ್‌ವೈಸರ್ ಇದನ್ನೇ ವಿವರಿಸಿದಾಗ, ಇವರಿಗೆ ಕೆಲಸ ಗೊತ್ತುಂಟು ಎಂದು ನಂಬಿದೆ.

ಜುಲೈ ಕೊನೆಯ ಗಾಳಿಮಳೆಗೆ ಆ ಪಟ್ಟಿಯ ಎರಡು ಅಡಿ ತುಂಡು ಕಿತ್ತು ಅಂಗಳಕ್ಕೆ ಬಿತ್ತು. ಕೈಗೆತ್ತಿಕೊಂಡಾಗಲೇ ಅನುಮಾನ ಬಂತು. ಹಗುರ, ತೀರಾ ಹಗುರ. ಎರಡು ತಿಂಗಳು ಮಳೆಯಲ್ಲಿ ನೆಂದರೂ ಬಣ್ಣ ಕಪ್ಪಿಟ್ಟಿಲ್ಲ, ಹೊಸ ಹಂಡೆಯ ಹಾಗೆ ಹೊಳೆಯುತ್ತಿತ್ತು. ಅಮ್ಮ ಒಳಗಿಂದ ಹುಣಸೆಹುಳಿ ತಂದರು. ಬಚ್ಚಲಿನ ಹಂಡೆಯನ್ನು ಅರುವತ್ತು ವರ್ಷ ತಿಕ್ಕಿದ ಕೈ ಅದು. ಒಂದು ಬದಿಗೆ ಹುಳಿ ಹಾಕಿ ತಿಕ್ಕಿ ತೊಳೆದರು. ತಾಮ್ರವಾದರೆ ತಿಕ್ಕಿದಲ್ಲಿ ಎಳೆಗುಲಾಬಿ ಬಣ್ಣ ಬರಬೇಕು. ಏನೂ ಆಗಲಿಲ್ಲ. ಕತ್ತಿಯ ತುದಿಯಲ್ಲಿ ಗೀರಿದೆ. ಮೇಲಿನ ಬಣ್ಣ ಸುರುಳಿ ಸುರುಳಿಯಾಗಿ ಎದ್ದಿತು, ಅಡಿಯಲ್ಲಿ ಬೆಳ್ಳಗೆ ಅಲ್ಯೂಮಿನಿಯಂ. 'ಇದು ತಾಮ್ರವಾ ಮಗಾ?' ಎಂದು ಅಮ್ಮ ಕೇಳಿದರು. ನಾನು ಎಂತ ಹೇಳಲಿ?

ರಸೀದಿಯಲ್ಲಿ 'ತಾಮ್ರದ ಪಟ್ಟಿ' ಎಂದೇ ಬರೆದಿದೆ. ಹಂಚು ಒಡೆದದ್ದು ಕೆಲಸ ಗೊತ್ತಿಲ್ಲದೆ ಎಂದುಕೊಳ್ಳೋಣ, ಅಲ್ಯೂಮಿನಿಯಂಗೆ ತಾಮ್ರದ ಬಣ್ಣ ಬಳಿಯುವುದು ಗೊತ್ತಿಲ್ಲದೆ ಆಗುವುದಿಲ್ಲ.

ಆಗಸ್ಟ್ 5ರಂದು ಕೊನೆಗೂ ನಿಮ್ಮ ಕಡೆಯ ಒಬ್ಬರು ಫೋನಿಗೆ ಸಿಕ್ಕಿದರು. 'ಸಾರ್, ಕಾಸರಗೋಡಿನ ಹವೆಯೇ ಹಾಗೆ, ಪಾಚಿ ಬಂದೇ ಬರುತ್ತದೆ' ಅಂದರು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ನನಗೆ ಗೊತ್ತುಂಟು. ಇಲ್ಲಿ ಮುರಕಲ್ಲಿನ ಕಟ್ಟೆಗೂ ಪಾಚಿ, ಅಂಗಳದ ಮೆಟ್ಟಿಲಿಗೂ ಪಾಚಿ, ನಿಲ್ಲಿಸಿದ ಸ್ಕೂಟರಿನ ಸೀಟಿಗೂ ಪಾಚಿ. ದುಡ್ಡು ತೆಗೆದುಕೊಳ್ಳುವಾಗ ಈ ಹವೆ ನಿಮಗೆ ಗೊತ್ತಿರಲಿಲ್ಲವಾ? ಆಮೇಲೆ ಅವರು ಗ್ಯಾರಂಟಿ ಕಾರ್ಡಿನ ಹಿಂಬದಿ ನೋಡಲು ಹೇಳಿದರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ, ಗಿಡ ಬೆಳೆದರೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದಿದೆ. ಪಾಚಿಯೂ ಗಿಡವೇ ಅಲ್ವಾ! ಮುಂಬದಿಯಲ್ಲಿ ಪಾಚಿ ಬರುವುದಿಲ್ಲವೆಂದು ಗ್ಯಾರಂಟಿ, ಹಿಂಬದಿಯಲ್ಲಿ ಪಾಚಿ ಬಂದರೆ ಗ್ಯಾರಂಟಿ ಇಲ್ಲ. ಇದನ್ನು ಬರೆದವರಿಗೆ ನಮಸ್ಕಾರ.

ನನಗೆ ಬೇಕಾದದ್ದು ಇಷ್ಟು. ಪಟ್ಟಿಯ 6,400 ರೂಪಾಯಿ ಪೂರ್ತಿ ವಾಪಸ್ ಬರಬೇಕು, ಅದರಲ್ಲಿ ಚರ್ಚೆ ಇಲ್ಲ. ತೊಳೆದು ಬಣ್ಣ ಬಳಿದದ್ದಕ್ಕೆ ಕೊಟ್ಟ 39,600 ಕೂಡ ವಾಪಸ್ ಕೊಡಿ. ಮಾಡಿದ ಕೆಲಸದಲ್ಲಿ ಇವತ್ತಿಗೆ ಏನೂ ಉಳಿದಿಲ್ಲ. ಒಡೆದ 41 ಹಂಚುಗಳ ಬೆಲೆ ಮತ್ತು ಅವನ್ನು ಬದಲಾಯಿಸುವ ಕೂಲಿ ನಿಮ್ಮದು. ಹಂಚು ಇದೇ ಅಳತೆಯದ್ದು ಆಗಬೇಕು, ಇಲ್ಲದಿದ್ದರೆ ಕೊಂಡಿ ಕೂರುವುದಿಲ್ಲ. ಬಡಗು ಬದಿಯ ಸಿಪ್ಪೆ ಹೋದ ಹಂಚುಗಳನ್ನು ಎಂತ ಮಾಡುವುದು ಎಂದು ನಿಮ್ಮ ಕಡೆಯಿಂದ ಕೆಲಸ ಬಲ್ಲ ಒಬ್ಬರು ಬಂದು ನೋಡಿ ಹೇಳಲಿ. ಬರುವುದಾದರೆ ಮಳೆ ನಿಂತ ಮೇಲೆ ಬನ್ನಿ, ಮೊದಲೇ ಫೋನ್ ಮಾಡಿ, ಜೆಟ್ ಮೆಷಿನ್ ತರಬೇಡಿ. ಮಾಡಿಗೆ ಹತ್ತುವುದು ನಾನು ಹೇಳಿದಲ್ಲಿ, ಬರಿಗಾಲಿನಲ್ಲಿ.

ಈ ಪತ್ರ ಸಿಕ್ಕಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸು ದೂರದ ಊರಿನಲ್ಲಿದೆ ಎಂಬ ಧೈರ್ಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅದಕ್ಕೆ ಎರಡು ವರ್ಷದ ಅವಧಿ ಉಂಟು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅಡಿಕೆ ಕೊಯ್ಲಿಗೆ ಇನ್ನೂ ಸಮಯ ಇದೆ, ಓಡಾಡಲು ನನಗೆ ಪುರುಸೊತ್ತು ಉಂಟು.

ರಸೀದಿ, ಗ್ಯಾರಂಟಿ ಕಾರ್ಡು, ನಿಮ್ಮ ನೋಟೀಸು ಇವುಗಳ ಜೆರಾಕ್ಸ್ ಮತ್ತು 46 ಫೋಟೋಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಪಟ್ಟಿಯ ತುಂಡನ್ನು ಕಳಿಸುತ್ತಿಲ್ಲ, ಅದು ನನ್ನ ಹತ್ತಿರವೇ ಇರಲಿ. ತಾಮ್ರವೇ ಎಂದು ನೀವು ವಾದಿಸುವುದಾದರೆ ಮನೆಗೆ ಬಂದು ತಿಕ್ಕಿ ನೋಡಬಹುದು. ಹುಳಿ ನಾವೇ ಕೊಡುತ್ತೇವೆ.

ಇತಿ,
ನಿಮ್ಮ ಗ್ರಾಹಕ
(ಸಹಿ)