ಅಳಿಸಿ ಹಾಕಿದ ಐದೂವರೆ

ಪ್ರೀತಿಯ ಮಗಳೇ,

ಮತ್ಸ್ಯಗಂಧ ರೈಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಓಲಾಡಿದರೆ ಹೊಂದಿಸಿಕೊಂಡು ಓದು. ಈಗಷ್ಟೇ ಹೊನ್ನಾವರದಲ್ಲಿ ಶರಾವತಿ ದಾಟಿದೆವು. ಫೋನಿನಲ್ಲೇ ಹೇಳೋಣವೆಂದರೆ ಸುರಂಗ ಬಂದಾಗಲೆಲ್ಲ ಮಾತು ಕಡಿಯುತ್ತದೆ. ನಾನು ಉಡುಪಿ ಬಿಟ್ಟಾಗಿನಿಂದ ನೀನಂತೂ ಕರೆ ಎತ್ತುತ್ತಿಲ್ಲ. ಕಾರವಾರದಲ್ಲಿ ಇದರ ಫೋಟೋ ತೆಗೆದು ಅಪ್ಪನ ಮೊಬೈಲಿಗೆ ಕಳುಹಿಸುತ್ತೇನೆ.

ಹೊರಡುವಾಗ ನೀನು ಅಂದದ್ದು, ನಾನು ಅಂದದ್ದು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ಮುಂಬೈ ಬಳಿಯ ಡೊಂಬಿವಲಿಯಲ್ಲಿ ದೊಡ್ಡಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ನಿನ್ನ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡಲ್ಲವಲ್ಲ. ಆದರೂ ಸೋಮವಾರ ಗಣಿತದ ದಿನ ನಿನ್ನ ಹತ್ತಿರ ಇರುವುದಿಲ್ಲ. ಕ್ಷಮಿಸು.

ಜಗಳ ಹಾಗಿರಲಿ, ನನಗೆ ತಲೆಬಿಸಿ ನಿನ್ನ ರಬ್ಬರಿನದು. ನಿನ್ನೆ ರಾತ್ರಿ ನೀನು ಮಲಗಿದ ಮೇಲೆ ಅಭ್ಯಾಸದ ಪುಸ್ತಕ ತೆರೆದೆ. 3(ಎಕ್ಸ್ − 2) = ಎಕ್ಸ್ + 5. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಅಳಿಸಿದ ಗೆರೆಗಳು ಕಂಡವು. ನೀನು ಆವರಣ ಬಿಡಿಸಿದ್ದೆ, ಪದಗಳನ್ನು ಆಚೆ ಬದಿಗೆ ಒಯ್ಯುವಾಗ ಚಿಹ್ನೆ ಬದಲಿಸಿದ್ದೆ, 2ಎಕ್ಸ್ = 11 ಎಂಬಲ್ಲಿಗೆ ಬಂದಿದ್ದೆ. ಐದೂವರೆ. ಸರಿಯಾದ ಉತ್ತರ! ಆಮೇಲೆ ಕಾಗದ ಸವೆಯುವಷ್ಟು ಉಜ್ಜಿ, ಕೆಳಗೆ ಬರೀ 5 ಎಂದು ಬರೆದಿದ್ದೀಯ.

ಉತ್ತರ ಪೂರ್ಣಾಂಕವೇ ಆಗಬೇಕೆಂಬ ಕಾಯಿದೆ ಎಲ್ಲಿದೆ ಮಗಳೇ? ಅನುಮಾನ ಬಂದರೆ ರಬ್ಬರಿಗೆ ಕೈ ಹಾಕುವ ಮೊದಲು ಬೆಲೆಯನ್ನು ಸಮೀಕರಣಕ್ಕೆ ಹಾಕಿ ನೋಡು. ಐದೂವರೆಯಲ್ಲಿ 2 ಕಳೆದರೆ ಮೂರೂವರೆ, ಅದರ ಮೂರರಷ್ಟು ಹತ್ತೂವರೆ. ಆಚೆ ಐದೂವರೆಗೆ 5 ಕೂಡಿಸು, ಅಲ್ಲೂ ಹತ್ತೂವರೆ. ಅಲ್ಲಿಗೆ ಮುಗಿಯಿತು, ಟೀಚರನ್ನೂ ಕೇಳಬೇಕಾಗಿಲ್ಲ, ನನ್ನನ್ನೂ ಕೇಳಬೇಕಾಗಿಲ್ಲ. ನಾಲ್ಕನೇ ತರಗತಿಯಲ್ಲೂ ಹೀಗೆಯೇ ಮಾಡಿದ್ದೆ. ಪಕ್ಕದ ಹುಡುಗಿಯ ಉತ್ತರ ಬೇರೆ ಇದೆಯೆಂದು ನಿನ್ನ ಸರಿಯಾದ ಕಳೆಯುವ ಲೆಕ್ಕ ಅಳಿಸಿ ಅವಳದ್ದನ್ನು ಬರೆದುಕೊಂಡು ಬಂದೆ. ಆಗ ನಗು ಬಂದಿತ್ತು. ನಿನ್ನೆ ಬರಲಿಲ್ಲ. ಲೆಕ್ಕ ಬಾರದ ಮಕ್ಕಳಿಗೆ ಕಲಿಸಬಹುದು. ಬಂದದ್ದನ್ನು ನಂಬದವಳಿಗೆ ಏನು ಕಲಿಸಲಿ? ನಾಳೆ ಕಾಲೇಜು, ಕೆಲಸ ಎಂದು ಹೋದಾಗ ಯಾರೋ ದೊಡ್ಡ ದನಿಯಲ್ಲಿ "ಅಲ್ಲ" ಎಂದರೆ ಸಾಕು, ನೀನು ಉಜ್ಜಲು ತೊಡಗುತ್ತೀಯ... ಇರಲಿ, ಭಾಷಣ ಶುರುವಾಯಿತು. ಹಂತಹಂತಕ್ಕೂ ಅಂಕವಿದೆ ಎನ್ನುವುದನ್ನಾದರೂ ನೆನಪಿಡು. ಅಳಿಸಿದ ಹಂತಕ್ಕೆ ಯಾರು ಅಂಕ ಕೊಡುತ್ತಾರೆ? ತಪ್ಪೆನಿಸಿದರೆ ಅಡ್ಡಗೆರೆ ಎಳೆ, ಸಾಕು.

ಉಳಿದದ್ದು ಸಣ್ಣಪುಟ್ಟದ್ದು. ಪ್ರಶ್ನೆಪತ್ರಿಕೆಯ ಚಿತ್ರದ ಮೇಲೆ ಕೋನಮಾಪಕ ಇಡಬೇಡ. ಆ ಚಿತ್ರಗಳು ಅಳತೆಗೆ ಸರಿಯಾಗಿಯೇ ಇರುತ್ತವೆ ಎನ್ನುವಂತಿಲ್ಲ. ಲಂಬಕೋನದ ಗುರುತಿಲ್ಲದೆ, ಪ್ರಶ್ನೆಯಲ್ಲೂ ಹೇಳದೆ, 90 ಎಂದು ಊಹಿಸಬೇಡ. ಸಮಾಂತರ ಚತುರ್ಭುಜದ ಒಂದು ಕೋನ 2ಎಕ್ಸ್ + 10, ಪಕ್ಕದ್ದು 3ಎಕ್ಸ್ + 20 ಎಂದು ಕೊಟ್ಟರೆ, ಎರಡೂ ಸೇರಿ 180 ಡಿಗ್ರಿ, ಎಕ್ಸ್ 30. ನೀನು ಅಲ್ಲಿಗೇ ನಿಲ್ಲಿಸಿಬಿಡುತ್ತೀಯ. ಕೇಳಿದ್ದು ಕೋನವನ್ನು! 70 ಮತ್ತು 110 ಎಂದು ಬರೆದ ಮೇಲೆಯೇ ಪೆನ್ನು ಎತ್ತು. ಮೂರು ಮತ್ತು ನಾಲ್ಕನ್ನು ಕೂಡಿಸಿ ವರ್ಗ ಮಾಡಿದರೆ 49. ಬೇರೆಬೇರೆ ವರ್ಗ ಮಾಡಿ ಕೂಡಿಸಿದರೆ 25. ನಡುವಿನ 24 ಎಲ್ಲಿ ಹೋಯಿತು ಎಂದರೆ, ಬದಿಯಲ್ಲಿ ನಾನು ಬರೆದ ಚೌಕ ನೋಡು: ಏಳರ ಬಾಹುಗಳನ್ನು ಮೂರು, ನಾಲ್ಕಾಗಿ ಭಾಗ ಮಾಡಿದರೆ ಎರಡು ಸಣ್ಣ ಚೌಕಗಳ ಜೊತೆ ಉಳಿಯುವ ಮೂರು-ನಾಲ್ಕರ ಎರಡು ಆಯತಗಳು. (ಎ + ಬಿ)ಯ ವರ್ಗ ಬಿಡಿಸುವಾಗ ನೀನು ಪ್ರತಿಸಲ ಬಿಡುವ 2ಎಬಿ ಅದೇ. ಆ 25, ಲಂಬಕೋನದ ಬದಿಗಳು ಮೂರು ಮತ್ತು ನಾಲ್ಕು ಇರುವ ತ್ರಿಭುಜದ್ದು, ಅಲ್ಲಿ ವಿಕರ್ಣ 5.

ಒಂದು ಮಾತು ನಿನಗೆ ಹೇಳಿಯೇ ಇರಲಿಲ್ಲ. ತ್ರಿಭುಜದ ನೆತ್ತಿಯಲ್ಲಿ ಸಮಾಂತರ ರೇಖೆ ಎಳೆದು, ಮೂರು ಕೋನ ಸೇರಿ 180 ಏಕೆ ಎಂದು ನೀನು ಅಜ್ಜಿಗೆ ವಿವರಿಸಿದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಅಜ್ಜಿಗೆ ಅರ್ಥವಾಯಿತೋ ಇಲ್ಲವೋ, ನನಗಾಯಿತು. ನಮಗೆ ಅದನ್ನು ಬಾಯಿಪಾಠ ಮಾಡಿಸಿದ್ದರು.

ಕೈವಾರದ ತಿರುಪು ಸಡಿಲವಾಗಿದೆ, ಅಪ್ಪನಿಂದ ಬಿಗಿ ಮಾಡಿಸಿಕೊ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ, ಭಾನುವಾರ ರಾತ್ರಿಯೇ ಹೊರಗಿಡಲು ಹೇಳು. ಬೇಗ ಮಲಗು. ಅಂಕೋಲ ಬಂದಂತಿದೆ.

ನಿನ್ನ ಅಮ್ಮ