ಭಾನುವಾರದ ಓದಿಗೆ ಈ ಪುಸ್ತಕ
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ನಮ್ಮ ಮನೆಗೇ ಬನ್ನಿ.

ಈ ಸಲದ ಪುಸ್ತಕ ಶ್ರೀರಾಮ್ ವೆಂಕಟರಾಮನ್ ಅವರ ‘ಸೋಷಿಯಲ್ ಮೀಡಿಯಾ ಇನ್ ಸೌತ್ ಇಂಡಿಯಾ’. 2017ರಲ್ಲಿ ಲಂಡನ್ನಿನ ಯುಸಿಎಲ್ ಪ್ರೆಸ್ ಪ್ರಕಟಿಸಿದ್ದು. ಚೆನ್ನೈ ಹತ್ತಿರದ ಹಳ್ಳಿಗಳಲ್ಲಿ 15 ತಿಂಗಳು ಜನರ ಜೊತೆ ಒಡನಾಡಿ, ಅವರು ಫೇಸ್‌ಬುಕ್, ವಾಟ್ಸಾಪ್‌ಗಳನ್ನು ಹೇಗೆ ಬಳಸುತ್ತಾರೆ ಅಂತ ಬರೆದಿದ್ದಾರೆ. ಪಿಡಿಎಫ್ ಪ್ರಕಾಶಕರ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಬಂಧು-ಬಳಗದ ಬಗ್ಗೆ ಇರುವ ಅಧ್ಯಾಯವೊಂದನ್ನೇ ಓದಿ, ಸಾಕು.

ಅದನ್ನು ಓದುವಾಗ ನನಗೆ ಸಕಲೇಶಪುರದ ಅತ್ತೆ ನೆನಪಾದರು. ದಿನಾ ಬೆಳಗ್ಗೆ ಆರಕ್ಕೆ ವಾಟ್ಸಾಪ್‌ನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಕಳಿಸುತ್ತಾರೆ. ಹೋದ ತಿಂಗಳು ಎರಡು ದಿನ ಬರಲಿಲ್ಲ. ಗಾಬರಿಯಾಗಿ ಫೋನ್ ಮಾಡಿದರೆ ಜ್ವರ ಬಂದು ಮಲಗಿದ್ದರು. ಆ ಗುಲಾಬಿಗೆ ‘ನಾನು ಚೆನ್ನಾಗಿದ್ದೀನಿ’ ಅನ್ನುವ ಅರ್ಥವೂ ಇದೆ ಅಲ್ವಾ? ಸುಮ್ನೆ ಫಾರ್ವರ್ಡ್ ಅಂತ ತಳ್ಳಿಹಾಕುವುದು ತಪ್ಪು ಅಂತಲೇ ನನಗೆ ಈಗ ಅನ್ನಿಸುತ್ತದೆ.

ನಿಮ್ಮ ಮನೆಯವರ ವಾಟ್ಸಾಪ್ ಗುಂಪಿನ ಒಂದು ಮೆಸೇಜ್ ನೆನಪಿಟ್ಟುಕೊಂಡು ಬನ್ನಿ, ಅದರ ಬಗ್ಗೆ ಮಾತಾಡೋಣ. ಬೇರೆಯವರ ಮಾತಿನ ಸ್ಕ್ರೀನ್‌ಶಾಟ್ ಮಾತ್ರ ಅವರನ್ನು ಕೇಳದೆ ಇಲ್ಲಿ ಹಾಕಬೇಡಿ. ಬರುವವರು ಶುಕ್ರವಾರದೊಳಗೆ ತಿಳಿಸಿ.