ಮುಚ್ಚಳದ ವಿಷಯ

ಪ್ರೀತಿಯ ಗೆಳೆಯಾ,

ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ತೊಟ್ಟಿಯ ನ್ಯೂಟ್, ದೊರೆಯೂ ಕ್ಷೇಮ. ನೀನು ಫೋನಿನಲ್ಲಿ ‘ನಿಮ್ಮ ಹಲ್ಲಿ ಹೇಗಿದೆ’ ಎಂದದ್ದು ಮಗನ ಕಿವಿಗೆ ಬಿದ್ದಿದೆ. ಮುಂದಿನ ಸಲ ಬಂದಾಗ ನಿನಗೆ ಪಾಠ ಕಾದಿದೆ. ನ್ಯೂಟ್ ಹಲ್ಲಿಯಲ್ಲ, ಸ್ಯಾಲಮ್ಯಾಂಡರ್ ಕುಲದ್ದು, ಕಪ್ಪೆಗೆ ದಾಯಾದಿ. ತೆಳು ಚರ್ಮದಿಂದಲೂ ಉಸಿರಾಡುತ್ತದೆ. ನಮ್ಮದು ಜಪಾನಿನ ಕೆಂಪು ಹೊಟ್ಟೆಯ ಜಾತಿ. ಇಷ್ಟು ಒಪ್ಪಿಸಿದರೆ ನೀನು ಪಾಸು.

ಮಗನಿಗೆ ನಾಯಿ ಬೇಕಿತ್ತು, ಅವನ ಅಮ್ಮನಿಗೆ ಏನೂ ಬೇಡವಾಗಿತ್ತು. ಬೊಗಳದ, ಕೂದಲು ಉದುರಿಸದ ದೊರೆ ರಾಜಿಸೂತ್ರವಾಗಿ ಬಂದ. ಈಗ ತೊಟ್ಟಿಯ ನೀರು 20 ಡಿಗ್ರಿ ದಾಟಿದರೆ ಮೊದಲು ಬೆವರುವವಳು ಅವಳೇ. ನಲ್ಲಿಯ ನೀರನ್ನು ಕ್ಲೋರಿನ್ ತೆಗೆಯದೆ ಸುರಿಯುವಂತಿಲ್ಲ. ದೊರೆಯನ್ನು ಎತ್ತಿ ಮುದ್ದಾಡುವಂತೆಯೂ ಇಲ್ಲ. ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಇದೆ, ಪಫರ್ ಮೀನಿನಲ್ಲಿರುವ ವಿಷವೇ. ಹೆದರಿದಾಗ ಈ ಜಾತಿ ಬೆನ್ನನ್ನು ಬಾಗಿಸಿ ಕೆಂಪು ಹೊಟ್ಟೆ ತೋರಿಸುತ್ತದೆ. ನನ್ನೊಳಗೆ ವಿಷವಿದೆ, ದೂರ ಇರಿ ಎಂದು ಬಾಯಿಬಿಟ್ಟು ಹೇಳಿದಂತೆ. ಮನೆಯಲ್ಲಿ ಅಷ್ಟು ಪ್ರಾಮಾಣಿಕ ಜೀವ ಇನ್ನೊಂದಿಲ್ಲ.

ದೊರೆ ಒಂದು ರಾತ್ರಿ ಪರಾರಿಯಾದ ಕಥೆಯನ್ನು ನಿನಗೆ ನಗುನಗುತ್ತಾ ಹೇಳಿದ್ದೆನಲ್ಲ? ಮೈ ಒದ್ದೆಯಿದ್ದರೆ ಗಾಜಿನ ಗೋಡೆಯನ್ನೂ ಹತ್ತುತ್ತಾನೆ, ಬೆರಳಗಲದ ಸಂದು ಸಾಕು. ಬೆಳಿಗ್ಗೆ ಕಪಾಟಿನ ಅಡಿಯಲ್ಲಿ ಸಿಕ್ಕಿದ, ಧೂಳು ಮೆತ್ತಿಕೊಂಡು, ಬೂಟಿನ ಹಳೆಯ ಲೇಸಿನ ತುಂಡಿನಂತೆ. ತಟ್ಟೆಯಲ್ಲಿ ತೆಳುವಾಗಿ ನೀರು ಹಾಕಿ ಮಲಗಿಸಿದೆವು. ಎಷ್ಟೋ ಹೊತ್ತಿನ ಮೇಲೆ ಒಂದು ಕಾಲು ಅಲುಗಿತು. ನಿನಗೆ ಹೇಳಿದ ಕಥೆ ಅಲ್ಲಿಗೆ ಮುಗಿದಿತ್ತು.

ಹಿಂದಿನ ಸಂಜೆ ಹುಳು ಹಾಕಿದವನು ಮಗ. ಹಾಗಾಗಿ ಮುಚ್ಚಳ ಹಾಕದವನೂ ಅವನೇ ಎಂದು ತೀರ್ಮಾನವಾಯಿತು. ಗದರಿದವನು ನಾನು. ಹುಡುಗ ವಾದಿಸಲಿಲ್ಲ, ತಟ್ಟೆಯ ಪಕ್ಕ ಕುಳಿತು ದೊರೆಯ ಕ್ಷಮೆ ಕೇಳಿದ. ಮಧ್ಯಾಹ್ನ ಕಚೇರಿಯಲ್ಲಿ ನನಗೆ ನೆನಪಾಯಿತು: ರಾತ್ರಿ 11ಕ್ಕೆ ಉಷ್ಣಮಾಪಕ ನೋಡಲು ಮುಚ್ಚಳ ಸರಿಸಿದ್ದೆ, ಅಷ್ಟರಲ್ಲಿ ಫೋನ್ ಬಂದಿತ್ತು. ನಿನ್ನದೇ ಫೋನ್, ಗೆಳೆಯಾ. ಅರ್ಧ ಪಾಪ ನಿನಗೂ ಸೇರಲಿ.

ಹೇಳಿಬಿಡಬೇಕೆಂದೇ ಮನೆಗೆ ಬಂದೆ. ಅಷ್ಟರೊಳಗೆ ಮಗ ಗೆರೆ ಎಳೆದು ಒಂದು ಪಟ್ಟಿ ಮಾಡಿ ತೊಟ್ಟಿಗೆ ಅಂಟಿಸಿದ್ದ. ತಾರೀಕು, ಮುಚ್ಚಳ ನೋಡಿದ ಸಮಯ, ಮೇಲ್ವಿಚಾರಕರ ಸಹಿ. ಮೇಲ್ವಿಚಾರಕ ನಾನು. ಪೆನ್ನು ಕೈಗಿತ್ತ, ಸಹಿ ಹಾಕಿದೆ. ಹಾಕುತ್ತಲೇ ಇದ್ದೇನೆ, ನಾಲ್ಕು ತಿಂಗಳಾಯಿತು. ಮಲಗಿದ ಮೇಲೂ ಅವನು ಎದ್ದು ಬಂದು ಮುಚ್ಚಳವನ್ನು ಒತ್ತಿ ನೋಡುತ್ತಾನೆ. ‘ಎಷ್ಟು ಜವಾಬ್ದಾರಿ ಬಂದಿದೆ ನೋಡಿ’ ಎಂದು ಇವಳಿಗೆ ಸಂಭ್ರಮ. ಆ ಸಣ್ಣ ಹೆಜ್ಜೆಯ ಸಪ್ಪಳ ಕೇಳಿದಾಗಲೆಲ್ಲ ನಾನು ಗೋಡೆಯ ಕಡೆಗೆ ಹೊರಳುತ್ತೇನೆ.

ಮೊನ್ನೆ ಅವನನ್ನು ಬೇರೆ ಕಡೆ ಎಳೆಯಲೆಂದು 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಕಥೆ ಹೇಳಿದೆ. ದೊರೆಯ ಜಾತಿಯವುಗಳ ಕಣ್ಣಿನ ಮಸೂರವನ್ನು 16 ವರ್ಷಗಳಲ್ಲಿ 18 ಬಾರಿ ತೆಗೆದರು; ಪ್ರತಿ ಬಾರಿಯೂ ಹೊಸದು ಬೆಳೆಯಿತು. ಎಂದೂ ತೆಗೆಯದ ಮಸೂರಕ್ಕೂ ಕೊನೆಯಲ್ಲಿ ಬೆಳೆದದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಹುಡುಗ ಬೆರಗಾಗುತ್ತಾನೆ ಎಂದುಕೊಂಡಿದ್ದೆ. ‘ಮತ್ತೆ ಬೆಳೆಯುತ್ತದೆಂದು ಮೊದಲ ಸಲವೇ ಗೊತ್ತಾಯಿತಲ್ಲ ಅಪ್ಪಾ, ಆಮೇಲೂ ಯಾಕೆ ತೆಗೆದರು?’ ಎಂದ. ನಾನು ಕನ್ನಡಕ ಒರೆಸಿಕೊಂಡೆ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ದೊರೆ ಕಳಚಿದ ಪೊರೆಯನ್ನು ತಾನೇ ನುಂಗುವ ತಮಾಷೆ ಬರೆಯಲು ಕುಳಿತವನು ನಿನ್ನ ಮುಂದೆ ಹೊಟ್ಟೆ ತೋರಿಸಿಬಿಟ್ಟೆ. ನನ್ನದು ಕೆಂಪಗಿಲ್ಲ, ಗಾತ್ರದಲ್ಲಿ ಸ್ವಲ್ಪ ಮುಂದಿದೆ, ಅಷ್ಟೆ. ನೀನು ನಗುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ.

ಮಗ ಪೆನ್ನು ಹಿಡಿದು ನಿಂತಿದ್ದಾನೆ, ಹೋಗಬೇಕು. ರಾತ್ರಿ 11ಕ್ಕೆ ದಯವಿಟ್ಟು ಫೋನ್ ಮಾಡಬೇಡ.

ಇಂತಿ ನಿನ್ನ,
ಮೇಲ್ವಿಚಾರಕ